ಸರಿದ ಹಲ್ಲು ಮತ್ತು ನನ್ನ ಸಕಾರಾತ್ಮಕ ಸಮಸ್ಯೆ

ಮೂರೇ ದಿನ! ಭಾನುವಾರ, ಸೋಮವಾರ, ಮಂಗಳವಾರ! ಅಷ್ಟರೊಳಗೆ, ಹೇಳದೆ ಕೇಳದೆ ಜಾಗ ಬಿಟ್ಟು ಹೊರಟಿರುವ ನನ್ನ ಮುಂದಿನ ಎರಡು ಹಲ್ಲುಗಳನ್ನು ಕಿವಿ ಹಿಂಡಿ ಸ್ವಸ್ಥಾನಕ್ಕೆ ತಂದು ನಿಲ್ಲಿಸದಿದ್ದರೆ ನಾನು ನಾನೇ ಅಲ್ಲ! ಡಾಕ್ಟರಿಗೆ ಗೊತ್ತಾಗಬಾರದು, ಆಫೀಸಿಗೆ ಗೊತ್ತಾಗಬಾರದು, ಮುಖ್ಯವಾಗಿ ಗಂಡನಿಗೆ ಗೊತ್ತಾಗಲೇಬಾರದು!

ಹೀಗೆಂದು ನಾನು ಬಚ್ಚಲುಮನೆಯ ಕನ್ನಡಿಯ ಮುಂದೆ ಬ್ರಷ್ಷನ್ನು ಎತ್ತಿ ಹಿಡಿದು ಪ್ರತಿಜ್ಞೆ ಮಾಡಿದೆ. ಹಲ್ಲಿಗೆ ಕಿವಿ ಎಲ್ಲಿರುತ್ತದೆ ಎಂಬ ಸಣ್ಣ ಗೊಂದಲ ಆಗಲೇ ಸುಳಿಯಿತು. ಆದರೆ ಪ್ರತಿಜ್ಞೆ ಮಾಡುವವರು ಅಂಥ ವಿವರಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು.

ನಾನು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಹದಿನೆಂಟು ವರ್ಷಗಳಿಂದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುವವಳು. ಯಾವ ಬಸ್ಸು ಯಾವ ಅಂಕಣಕ್ಕೆ ಬಂತು, ಯಾವುದು ತಡ, ಯಾರ ಕೊಡೆ ಎಲ್ಲಿ ಸಿಕ್ಕಿತು, ಎಲ್ಲ ನನ್ನ ಬಾಯಿಂದಲೇ ಬರಬೇಕು. ಇಡೀ ಊರಿಗೆ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ. ಮುಖವೇ ಕಾಣದವಳಿಗೆ ಹಲ್ಲು ನೆಟ್ಟಗಿದ್ದರೇನು, ಸೊಟ್ಟಗಿದ್ದರೇನು ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಹುಟ್ಟಿನಿಂದಲೂ ಒಂದು ಸಂದು. ಆ ಸಂದಿನಿಂದ ಹೊರಬೀಳುವ ನನ್ನ ‘ಸ’ ಅಕ್ಷರಕ್ಕೆ ಒಂದು ಸಿಳ್ಳೆ. ಮೈಕಿನಲ್ಲಿ ಅದು ಸಾಕ್ಷಾತ್ ಕಂಡಕ್ಟರನ ಸೀಟಿ! ನಾನು “ಸಾರ್ವಜನಿಕರ ಗಮನಕ್ಕೆ” ಎಂದರೆ ಸಾರ್ವಜನಿಕರು ಗಮನ ಕೊಡುವ ಮೊದಲೇ ಡ್ರೈವರುಗಳು ಗೇರು ಹಾಕುತ್ತಿದ್ದರು.

ಅದಕ್ಕೇ ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ನಾಚಿಕೆ ಬಿಟ್ಟು, ಶಾಲಾ ಹುಡುಗಿಯರ ಸಾಲಿನಲ್ಲಿ ಕೂತು ಹಲ್ಲಿಗೆ ತಂತಿ ಹಾಕಿಸಿಕೊಂಡೆ. ಎರಡು ವರ್ಷ ಬಾಯಲ್ಲಿ ಬೇಲಿ ಹೊತ್ತು ತಿರುಗಿದೆ. ಕೊನೆಗೆ ತಂತಿ ಬಿಚ್ಚಿದಾಗ ಹಲ್ಲುಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ಒಂದೇ ಸಾಲು! ಡಾಕ್ಟರಮ್ಮ ನನ್ನ ಕೈಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವಚ ಕೊಟ್ಟು ಹೇಳಿದರು:

“ಇದು ರಿಟೇನರ್. ದಿನಾ ರಾತ್ರಿ ಮಲಗೋವಾಗ ಹಲ್ಲಿನ ಮೇಲೆ ಹಾಕ್ಕೊಬೇಕು. ಹಲ್ಲಿಗೆ ನೆನಪಿನ ಶಕ್ತಿ ಜಾಸ್ತಿ ಮೇಡಂ. ಇದನ್ನ ಬಿಟ್ರೆ ಹಳೇ ಜಾಗ ನೆನಪಾಗಿ ಹೊರಟೇಬಿಡುತ್ತವೆ.”

“ಎಷ್ಟು ದಿನ ಹಾಕ್ಕೊಬೇಕು?”

“ಹಲ್ಲು ಇರೋವರೆಗೆ.”

ಮೂರು ತಿಂಗಳು ಚಾಚೂ ತಪ್ಪದೆ ಹಾಕಿಕೊಂಡೆ. ಆಮೇಲೆ ವಾರಕ್ಕೆರಡು ಸಲ. ಆಮೇಲೆ ನೆನಪಾದಾಗ. ಆಮೇಲೆ ಹಲ್ಲಿಗೆ ನೆನಪು ಹೆಚ್ಚಾಯಿತು, ನನಗೆ ಕಡಿಮೆಯಾಯಿತು.

ನಮ್ಮವರು ಭೂಮಾಪಕರು. ಊರವರ ಹೊಲ, ಸೈಟು, ಗೋಡೆಗಳನ್ನು ಟೇಪು ಹಿಡಿದು ಅಳೆದು, ಯಾರು ಯಾರ ಜಾಗದೊಳಗೆ ಎಷ್ಟು ಅಂಗುಲ ನುಗ್ಗಿದ್ದಾರೆ ಎಂದು ಹೇಳುವ ಕೆಲಸ. ಅಂಥವರು ಹೆಂಡತಿಯ ಬಾಯಲ್ಲಿ ಒತ್ತುವರಿಯಾಗಲು ಬಿಡುತ್ತಾರೆಯೇ? ದಿನವೂ ಕೇಳುತ್ತಿದ್ದರು.

“ಹಾಕ್ಕೊಂಡ್ಯಾ?”

“ಹೂಂ.”

ಹಾಕಿಕೊಂಡಿದ್ದರೂ ಹೂಂ, ಇಲ್ಲದಿದ್ದರೂ ಹೂಂ. ಆಮೇಲೆ ಸುಮಾರು ಒಂದು ವರ್ಷದ ಹಿಂದೆ ಅವರು ಕೇಳುವುದನ್ನೇ ನಿಲ್ಲಿಸಿಬಿಟ್ಟರು. ನಂಬಿಕೆ ಎಂದರೆ ಇದು! ದಾಂಪತ್ಯ ಎಂದರೆ ಇದು! ಎಂದು ನಾನು ಹೆಮ್ಮೆಪಟ್ಟೆ.

ಆ ಶನಿವಾರದವರೆಗೆ.

ಶನಿವಾರ ಬೆಳಿಗ್ಗೆ ಮೈಕು ಹಿಡಿದು “ಸಾರ್ವಜನಿಕರ” ಎಂದೆನೋ ಇಲ್ಲವೋ, ಮೂರನೇ ಅಂಕಣದ ಬಸ್ಸು ಬಾಗಿಲಲ್ಲಿ ಒಂದು ಕಾಲಿಟ್ಟಿದ್ದ ಅಜ್ಜಿಯ ಸಮೇತ ಹೊರಟೇಬಿಟ್ಟಿತು! ಜನ ಕೂಗಿ ನಿಲ್ಲಿಸಿದರು. ಡ್ರೈವರು ಇಳಿದು ನೇರ ನನ್ನ ಕಿಟಕಿಗೇ ಬಂದ.

“ಯಾರು ಸೀಟಿ ಹೊಡ್ದಿದ್ದು?”

“ಯಾರೂ ಇಲ್ಲಪ್ಪಾ.”

“ಅಕ್ಕಾ, ಮತ್ತೆ ನಿಮ್ಮದು ಶುರುವಾಯ್ತಾ?”

ಮನೆಗೆ ಬಂದು ಕನ್ನಡಿ ನೋಡಿದೆ. ಸಂದಿನಲ್ಲಿ ಹೆಬ್ಬೆರಳಿನ ಉಗುರು ಸಲೀಸಾಗಿ ಹೋಯಿತು. ಮೈ ಜುಂ ಎಂದಿತು. ಏಕೆಂದರೆ ಬುಧವಾರ ನನಗೆ ಧ್ವನಿಪರೀಕ್ಷೆ! ಇನ್ನು ಮುಂದೆ ಎಲ್ಲ ನಿಲ್ದಾಣಗಳಲ್ಲೂ ಮುದ್ರಿಸಿಟ್ಟ ಒಂದೇ ದನಿಯ ಪ್ರಕಟಣೆ ಬರಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಕೊನೆಯ ಸುತ್ತಿಗೆ ಉಳಿದವರು ಇಬ್ಬರು: ನಾನು, ಮತ್ತೆ ಪಕ್ಕದೂರಿನ ನಿಲ್ದಾಣದ ಒಬ್ಬಾಕೆ. ಗೆದ್ದವಳ ದನಿ ಶಾಶ್ವತ. ಸೋತವಳಿಗೆ ಲಗೇಜು ಕೊಠಡಿ. ಹದಿನೆಂಟು ವರ್ಷ ಮೈಕಿನ ಮುಂದೆ ಮೆರೆದವಳು ಸೂಟ್‌ಕೇಸುಗಳಿಗೆ ಚೀಟಿ ಅಂಟಿಸುವುದೇ? ಅದಕ್ಕೇ ಭಾನುವಾರ ಬೆಳಿಗ್ಗೆ ಆ ಪ್ರತಿಜ್ಞೆ.

ಬೀರುವಿನ ಮೇಲಿನ ಹಂತದಿಂದ ರಿಟೇನರಿನ ಡಬ್ಬಿ ಇಳಿಸಿ, ಧೂಳು ಊದಿ, ಕವಚವನ್ನು ತೊಳೆದು ಮೇಲಿನ ಹಲ್ಲಿಗೆ ಇಟ್ಟೆ. ಕೂರಲಿಲ್ಲ. ಹಲ್ಲು ಅಷ್ಟು ಸರಿದಿರಬೇಕು ಎಂದುಕೊಂಡು ಎರಡು ಹೆಬ್ಬೆರಳಲ್ಲಿ ಒತ್ತಿದೆ. ಕೂರಲಿಲ್ಲ. ಟವೆಲ್ಲನ್ನು ಸುರುಳಿ ಸುತ್ತಿ ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ಇಡೀ ಮೈಯ ಬಲವನ್ನು ದವಡೆಗೆ ತಂದು ಕಚ್ಚಿದೆ. ಟಕ್!

ಆಹಾ! ಕಣ್ಣಲ್ಲಿ ನೀರು ಬಂತು. ನೋವೆಂದರೆ ನೋವು. ಆದರೆ ನೋವಾಗುತ್ತಿದೆ ಎಂದರೆ ಹಲ್ಲು ಚಲಿಸುತ್ತಿದೆ ಎಂದೇ ಅರ್ಥವಲ್ಲವೇ? ಒಂದು ಗಂಟೆ ಬಿಟ್ಟು ತೆಗೆದು ನೋಡೋಣವೆಂದು ಬೆರಳು ಹಾಕಿದೆ.

ಬರಲಿಲ್ಲ.

ಉಗುರು ಹಾಕಿದೆ. ಚಮಚದ ಹಿಡಿಕೆ ಹಾಕಿದೆ. ಬಿಸಿನೀರು ಮುಕ್ಕಳಿಸಿದೆ, ತಣ್ಣೀರು ಮುಕ್ಕಳಿಸಿದೆ. ತಲೆ ಬಗ್ಗಿಸಿ ಕೊಡವಿದೆ. ಕಿವಿಯ ಓಲೆ ಬಿತ್ತು, ಕವಚ ಬೀಳಲಿಲ್ಲ. “ಸತ್ತೆನಲ್ಲ ಈಗ” ಎಂದು ನನಗೆ ನಾನೇ ಹೇಳಿಕೊಳ್ಳಲು ಹೋದರೆ ಬಾಯಿಂದ ಬಂದದ್ದು ಯಾವುದೋ ಬೇರೆ ಭಾಷೆ! ‘ಸ’ ಹೋಗಿ ‘ಥ’ ಆಗಿತ್ತು. ನಾಲಿಗೆ ಬಾಯೊಳಗೆ ಎಲ್ಲಿಗೆ ಹೋಗಬೇಕೆಂದೇ ತೋಚದೆ ಅಲೆಯುತ್ತಿತ್ತು.

ಹೊರಗಿನಿಂದ ನಮ್ಮವರು ಕೂಗಿದರು. “ಟೀ ಮಾಡ್ಲಾ?”

ಬಾಯಿ ಬಿಟ್ಟರೆ ಗುಟ್ಟು ರಟ್ಟು. ಹಿಂದೆ ಹೇಳಿದ ‘ಹೂಂ’ಗಳೆಲ್ಲ ಒಂದೇ ಏಟಿಗೆ ಸುಳ್ಳಾಗುತ್ತವೆ. ಹೊರಗೆ ಬಂದು ತಲೆಯಾಡಿಸಿದೆ.

“ಸಕ್ಕರೆ ಹಾಕ್ಲಾ?”

ತಲೆಯಾಡಿಸಿದೆ.

“ಯಾಕೆ ಮಾತಾಡ್ತಿಲ್ಲ?”

ತಲೆ ಅಡ್ಡಡ್ಡ ಆಡಿಸಿದೆ. ಅವರು ಅಳತೆ ಟೇಪನ್ನು ಸುತ್ತುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು. ನನ್ನ ಮೇಲ್ದುಟಿ ಕವಚದಿಂದಾಗಿ ಉಬ್ಬಿ, ನಾನು ಸಿಕ್ಕಾಪಟ್ಟೆ ಸಿಟ್ಟಾಗಿರುವ ಹಾಗೆ ಕಾಣುತ್ತಿದ್ದೆನೆಂದು ಆಮೇಲೆ ತಿಳಿಯಿತು. ಹದಿನೇಳು ವರ್ಷದ ಸಂಸಾರದಲ್ಲಿ ನಾನು ಐದು ನಿಮಿಷ ಸುಮ್ಮನಿದ್ದದ್ದು ಅದೇ ಮೊದಲು. ಅವರ ಮುಖ ಬಿಳಿಚಿತು.

“ಗೊತ್ತಾಯ್ತಾ ನಿಂಗೆ?”

ಏನು? ನನಗೇನೂ ಗೊತ್ತಿರಲಿಲ್ಲ. ಆದರೆ ಕೇಳಲು ಬಾಯಿಲ್ಲ. ಗೊಂದಲದಲ್ಲಿ ಹೌದೆಂಬಂತೆ ತಲೆಯಾಡಿತು.

“ನೋಡು, ಆ ನೀಲಿ ಸ್ವೆಟರು ತಾನಾಗೇ ಕುಗ್ಗಿದ್ದಲ್ಲ, ಒಪ್ಕೋತೀನಿ. ಕುದಿಯೋ ನೀರಲ್ಲಿ ನಾನೇ ಹಾಕಿದ್ದು.”

ಏನು! ಆ ಸ್ವೆಟರು ಬಿಗಿಯಾದಾಗಿನಿಂದ ದಪ್ಪಗಾಗಿದ್ದೇನೆಂದು ತಿಳಿದು ಆರು ತಿಂಗಳು ಅರ್ಧ ಹೊಟ್ಟೆ ಉಂಡವಳು ನಾನು! ನನ್ನ ಕಣ್ಣುಗಳು ಅಗಲವಾದವು. ಅದನ್ನು ಅವರು ಬೇರೆಯೇ ಅರ್ಥ ಮಾಡಿಕೊಂಡರು.

“ಅದಲ್ವಾ? ಗಿಡದ ವಿಷಯಾನಾ? ಆಯ್ತು, ಹೇಳಿಬಿಡ್ತೀನಿ. ನೀನು ತಂಗಿ ಮನೆಗೆ ಹೋದಾಗ ನೀರು ಹಾಕೋದು ಮರ್ತೆ. ಒಣಗಿಹೋಯ್ತು. ಅದೇ ಥರದ್ದು ಬೇರೆ ತಂದಿಟ್ಟೆ.”

ಬಿಳಿ ಹೂ ಬಿಡುತ್ತಿದ್ದ ಗಿಡ ನನ್ನ ಆರೈಕೆಗೆ ಮೆಚ್ಚಿ ಕೆಂಪು ಹೂ ಬಿಟ್ಟಿದೆಯೆಂದು ಇಡೀ ಬೀದಿಗೆ ಕರೆದು ತೋರಿಸಿದ್ದೆನಲ್ಲ! ದಿನಾ ಬೆಳಿಗ್ಗೆ ನಾನು ಮಾತಾಡಿಸುತ್ತಿದ್ದುದು ಯಾರನ್ನು ಹಾಗಾದರೆ?

“ಅದೂ ಅಲ್ವಾ?” ಅವರು ಟೇಪನ್ನು ಬಿಚ್ಚಿ ಮತ್ತೆ ಸುತ್ತಿದರು. “ನಿನ್ನ ತಂಗಿ ಹೇಳಿಬಿಟ್ಲಾ? ಅವಳು ಫೋನ್ ಮಾಡಿದ್ರೆ ಒಂದು ಗಂಟೆ ನೀವಿಬ್ರೂ ಬಿಡಲ್ಲ ಅಂತ, ನೀನು ಸ್ನಾನಕ್ಕೆ ಹೋಗಿದೀಯ ಅಂತ ಹೇಳಿ ಇಡ್ತಿದ್ದೆ. ಒಂದು ಹತ್ತಿಪ್ಪತ್ತು ಸಲ ಆಗಿರಬಹುದು.”

ಓಹೋ! ತಂಗಿ ಹೋದ ತಿಂಗಳು ಸಿಕ್ಕಾಗ “ಅಕ್ಕಾ, ಮೈಗೇನಾದ್ರೂ ತುರಿಕೆನಾ?” ಎಂದು ಪಿಸುಗುಟ್ಟಿದ್ದು ಅದಕ್ಕೋ!

ನನ್ನ ಸ್ಥಿತಿ ಯಾವ ಹೆಂಡತಿಗೂ ಬೇಡ. ಒಂದಲ್ಲ, ಮೂರು ತಪ್ಪೊಪ್ಪಿಗೆಗಳು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ಮುಂದೆ ಬಂದಿವೆ. ಬೈಗುಳಗಳು ಗಂಟಲಲ್ಲಿ ಸರದಿ ಸಾಲು ನಿಂತಿವೆ. ಬಾಯಿಗೆ ಮಾತ್ರ ಬೀಗ! ಸಿಟ್ಟು ಒತ್ತಿ ಒತ್ತಿ ನನ್ನ ಮುಖ ಇನ್ನಷ್ಟು ಉಬ್ಬಿರಬೇಕು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ಹಾಗಾದ್ರೆ... ಆ ಡಬ್ಬಿ ವಿಷಯಾನೂ ಗೊತ್ತಾಯ್ತಾ?”

ಡಬ್ಬಿ? ಯಾವ ಡಬ್ಬಿ?

ನನ್ನ ಹುಬ್ಬು ಮೇಲೇರಿದ್ದನ್ನು ಕಂಡು ಅವರು ತಟ್ಟನೆ ಬಾಯಿ ಮುಚ್ಚಿಕೊಂಡರು. “ಇಲ್ಲ, ಇಲ್ಲ. ಅದೇನಿಲ್ಲ. ಅದನ್ನ ಹೇಳಲ್ಲ” ಎಂದು ಟೇಪು ಹಿಡಿದು ಹೊರಗೆ ಹೋಗಿ, ಕಾರಣವಿಲ್ಲದೆ ನಮ್ಮದೇ ಕಾಂಪೌಂಡನ್ನು ಅಳೆಯತೊಡಗಿದರು.

ನಾನು ಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡಿದೆ. ಬಿಸ್ಕತ್ತಿನ ಡಬ್ಬಿ, ಗುಂಡಿ ಸೂಜಿ ದಾರದ ಡಬ್ಬಿ, ಹಳೇ ಫೋಟೋಗಳ ಡಬ್ಬಿ, ಶೂ ಪಾಲಿಶ್ ಡಬ್ಬಿ. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ಇತ್ತು, ಸೂಜಿಯ ಡಬ್ಬಿಯಲ್ಲಿ ಬಿಸ್ಕತ್ತು ಇತ್ತು. ಬೇರಾವ ರಹಸ್ಯವೂ ಸಿಗಲಿಲ್ಲ. ನಮ್ಮವರಿಗೆ ನನ್ನ ಗುಟ್ಟು ಗೊತ್ತಿಲ್ಲ, ನನಗೆ ಅವರ ಗುಟ್ಟು ಗೊತ್ತಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೆದರುತ್ತಿದ್ದೇವೆ! ಆ ದಿನ ಎರಡೂ ಹೊತ್ತು ನಾನು ಬರೀ ಹಾಲು ಕುಡಿದೆ. ಉಪವಾಸ ಸತ್ಯಾಗ್ರಹವೆಂದು ತಿಳಿದು ಅವರೂ ಬರೀ ಹಾಲು ಕುಡಿದರು.

ಸೋಮವಾರ ಡಾಕ್ಟರಮ್ಮನ ಕ್ಲಿನಿಕ್ಕಿಗೆ ರಜೆ. ನಾನು ಕೆಲಸಕ್ಕೆ ಹೋಗಿ “ಗಂಟಲು ಕೆಟ್ಟಿದೆ” ಎಂದು ಚೀಟಿ ಬರೆದು ಕಂಟ್ರೋಲರ ಮುಂದಿಟ್ಟೆ. ನಮ್ಮ ಕಂಟ್ರೋಲರು ಮಾತಿನಲ್ಲಿ ಮಹಾ ಜಿಪುಣರು. ಒಂದು ಪದದಲ್ಲಿ ಮುಗಿಯುವುದಕ್ಕೆ ಎರಡನೆಯದನ್ನು ಬಳಸಿದವರಲ್ಲ.

“ಪೂರ್ತಿ?”

ತಲೆಯಾಡಿಸಿದೆ.

“ಬುಧವಾರ?”

ಕೈಯೆತ್ತಿ ಅಭಯ ತೋರಿಸಿದೆ.

“ಮೈಕು?”

ಅವರತ್ತಲೇ ಬೆರಳು ತೋರಿಸಿದೆ. ಅದೇ ನಾನು ಮಾಡಿದ ತಪ್ಪು.

ನಾನಾಗಿದ್ದರೆ “ಸಾರ್ವಜನಿಕರ ಗಮನಕ್ಕೆ, ಬೆಳಗಿನ ಎಂಟೂವರೆಯ ಬಸ್ಸು ಹತ್ತನೇ ಅಂಕಣಕ್ಕೆ ಬಂದಿದೆ” ಎನ್ನುತ್ತಿದ್ದೆ. ಅವರು ಮೈಕು ಹಿಡಿದು ಗಂಭೀರವಾಗಿ ಒಂದೇ ಮಾತು ಹೇಳಿದರು.

“ಹತ್ತು!”

ಅಷ್ಟೇ! ನಿಲ್ದಾಣದಲ್ಲಿದ್ದ ಅಷ್ಟೂ ಜನ ತಮ್ಮ ತಮ್ಮ ಮುಂದೆ ನಿಂತಿದ್ದ ಬಸ್ಸುಗಳನ್ನು ಹತ್ತತೊಡಗಿದರು. ಯಾವ ಬಸ್ಸು, ಎಲ್ಲಿಗೆ, ಯಾರೂ ಕೇಳಲಿಲ್ಲ. ಮೈಕಿನಲ್ಲಿ ಅಷ್ಟು ಗಡುಸಾಗಿ ಹೇಳಿದ ಮೇಲೆ ಕೇಳುವುದುಂಟೇ? ಕಂಟ್ರೋಲರಿಗೆ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ಮುಂದಿನ ಬಸ್ಸು ಏಳನೇ ಅಂಕಣದ್ದು.

“ಏಳು!”

ಹತ್ತಿ ಕೂತಿದ್ದವರೆಲ್ಲ ಎದ್ದು ನಿಂತರು. ಬೆಂಚಿನ ಮೇಲೆ ಮಲಗಿದ್ದವರೂ ದಡಬಡಿಸಿ ಎದ್ದರು. ಚಹಾದಂಗಡಿಯವನು ಸ್ಟೂಲಿನಿಂದ ಎದ್ದು ಕೈ ಕಟ್ಟಿ ನಿಂತ. ಇಳಿಯಬೇಕೋ, ಕೂರಬೇಕೋ, ಯಾರಾದರೂ ದೊಡ್ಡವರು ಬರುತ್ತಿದ್ದಾರೋ? ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟರಲ್ಲಿ ಕಂಟ್ರೋಲರು ಮತ್ತೆ “ಹತ್ತು!” ಎಂದರು. ಇಳಿಯುವವರು ಹತ್ತುವವರಿಗೆ ಢಿಕ್ಕಿ ಹೊಡೆದು ಬಾಗಿಲಲ್ಲಿ ಜಾತ್ರೆಯೇ ಆಯಿತು!

ಇನ್ನು ತಡೆಯಲಾಗಲಿಲ್ಲ. ವೃತ್ತಿಧರ್ಮ! ಅವರ ಕೈಯಿಂದ ಮೈಕು ಕಿತ್ತುಕೊಂಡು ಕೂಗಿದೆ:

“ಥಾರ್ವಜನಿಕರ ಗಮನಕ್ಕೆ! ದಯವಿಟ್ಟು ಬಥ್ಥು ಇಳೀರಿ! ಬಥ್ಥು ಇಳೀರಿ! ಥಹಕರಿಥಿ!”

ನಿಲ್ದಾಣ ಗಪ್ಪಾಯಿತು. ಆ ಮೌನದಲ್ಲಿ ಯಾರೋ ಸ್ಪಷ್ಟವಾಗಿ ಹೇಳಿದರು: “ಪಾಪ, ಬೆಳಿಗ್ಗೆಯೇ ಕುಡಿದಿದೆ.”

ಕಂಟ್ರೋಲರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಗಂಟಲು?” ಎಂದರು. ಅದರಲ್ಲಿ ಎಷ್ಟು ಅನುಮಾನ ತುಂಬಿತ್ತೆಂದರೆ ಬೇರೆಯವರಿಗಾದರೆ ಹತ್ತು ವಾಕ್ಯ ಬೇಕಾಗುತ್ತಿತ್ತು. ತಲೆ ತಗ್ಗಿಸಿ ರಜೆಯ ಚೀಟಿ ಬರೆದುಕೊಟ್ಟು ಬಂದೆ.

ಮಂಗಳವಾರ ಬೆಳಗಾಗುವಷ್ಟರಲ್ಲಿ ನೋವು ಕಿವಿಯವರೆಗೂ ಏರಿತ್ತು. ಹಲ್ಲಿಗೆ ಕಿವಿ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಾನ ಹೋದರೆ ಹೋಗಲಿ ಎಂದುಕೊಂಡು ನನ್ನ ಹಳೆಯ ಎಕ್ಸ್‌ರೇಗಳು, ಹಲ್ಲಿನ ಅಚ್ಚುಗಳು, ಫೈಲುಗಳನ್ನೆಲ್ಲ ದೊಡ್ಡ ಚೀಲಕ್ಕೆ ತುಂಬಿದೆ. ನಮ್ಮವರು ಒಳಗೆ ಕೆಲಸಕ್ಕೆ ಹೊರಡುವ ತಯಾರಿಯಲ್ಲಿದ್ದರು. ಮೇಜಿನ ಮೇಲೆ ಒಂದು ಚೀಟಿ ಬರೆದಿಟ್ಟೆ: “ಹೋಗುತ್ತಿದ್ದೇನೆ. ಇನ್ನು ನನ್ನಿಂದ ತಡೆಯಲಾಗುವುದಿಲ್ಲ.”

ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಹಲ್ಲುನೋವು. ಓದಿದವರಿಗೆ ಏನನ್ನಿಸಿತು ಎಂಬುದನ್ನು ನೀವೇ ಊಹಿಸಿ. ಅದರ ಮೇಲೆ ಕೈಯಲ್ಲಿ ದೊಡ್ಡ ಚೀಲ ಬೇರೆ!

ಕ್ಲಿನಿಕ್ಕು ಇರುವ ಕಟ್ಟಡದಲ್ಲಿ ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಎರಡನೇ ಮಹಡಿಯಲ್ಲಿ ವಕೀಲರು. ಬೋರ್ಡುಗಳು ಒಂದರ ಕೆಳಗೊಂದು. ನನ್ನ ಹಿಂದೆಯೇ ಇನ್ನೊಂದು ಬಸ್ಸು ಹಿಡಿದು ಬಂದ ನಮ್ಮವರು, ನಾನು ಆ ಬಾಗಿಲಲ್ಲಿ ನುಗ್ಗಿದ್ದನ್ನು ಕಂಡು, ಹೆಗಲ ಮೇಲೆ ಅಳತೆಯ ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡೇ ನೇರ ಎರಡನೇ ಮಹಡಿಗೆ ಓಡಿದರಂತೆ. “ನನ್ನ ಹೆಂಡ್ತೀನ ಕಳಿಸಿಕೊಡಿ, ಏನಿದ್ರೂ ನಾವೇ ಮಾತಾಡ್ಕೋತೀವಿ!” ಎಂದು ಅಂಗಲಾಚಿದರಂತೆ. ವಕೀಲರು ಶಾಂತವಾಗಿ, “ಅವರಿನ್ನೂ ಬಂದಿಲ್ಲ. ನೀವು ಮೊದಲು ಬಂದಿದ್ದು ಒಳ್ಳೇದೇ ಆಯ್ತು. ಕೂತ್ಕೊಳ್ಳಿ, ಮದುವೆ ಆಗಿದ್ದು ಯಾವಾಗ?” ಎಂದರಂತೆ.

ಇತ್ತ ಕೆಳಗಿನ ಮಹಡಿಯಲ್ಲಿ ಡಾಕ್ಟರಮ್ಮ ನನ್ನ ಬಾಯಲ್ಲಿ ಬೆಳಕು ಬಿಟ್ಟು, ಕೊಕ್ಕೆಯಂಥದ್ದೊಂದು ಹಾಕಿ, ಹಿಂದಿನ ಹಲ್ಲಿನ ಹತ್ತಿರ ಒಮ್ಮೆ ಮೀಟಿದರು. ಮೂರು ದಿನ ಅಲ್ಲಾಡದ ಕವಚ ಮೂರು ಸೆಕೆಂಡಿನಲ್ಲಿ ಅವರ ಕೈಯಲ್ಲಿತ್ತು! ಅದನ್ನು ತಿರುಗಿಸಿ ನೋಡಿದರು. ನನ್ನ ಅಚ್ಚಿನ ಮೇಲಿಟ್ಟು ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು.

“ಮೇಡಂ, ಇದು ನಿಮ್ಮದಲ್ಲ.”

“ಸತ್ಯವಾಗ್ಲೂ ನನ್ನ ಡಬ್ಬೀಲಿ ಇತ್ತು ಡಾಕ್ಟ್ರೇ!” ಎರಡು ದಿನಗಳ ನಂತರ ಬಂದ ನನ್ನ ಸ್ವಂತ ದನಿ, ಸಿಳ್ಳೆ ಸಮೇತ.

“ಡಬ್ಬಿ ನಿಮ್ಮದೇ. ಇದು ರಿಟೇನರೇ ಅಲ್ಲ. ನಿದ್ದೇಲಿ ಹಲ್ಲು ಕಡಿಯೋರಿಗೆ ಮಾಡಿಕೊಡೋ ಗಾರ್ಡು. ನಾನು ಮಾಡಿದ್ದೂ ಅಲ್ಲ. ಯಾರದ್ದೋ ಚಿಕ್ಕ ದವಡೆ. ನಿಮ್ಮ ಬಾಯಿ ದೊಡ್ಡದು, ಅದಕ್ಕೇ ಸಿಕ್ಕಿಹಾಕ್ಕೊಂಡಿದೆ.”

“ನಾನು ಅದನ್ನ ಎಷ್ಟು ವರ್ಷದಿಂದ ಹೇಳ್ತಿದೀನಿ!” ಎಂದಿತು ಬಾಗಿಲಿನಿಂದ ಒಂದು ಪರಿಚಿತ ದನಿ.

ನಮ್ಮವರು! ವಕೀಲರಿಂದ ತಪ್ಪಿಸಿಕೊಂಡು ಕೆಳಗಿಳಿದು ಬಂದು, ಬೆವರು ಸುರಿಸುತ್ತ, ಸ್ಟ್ಯಾಂಡಿನ ಮೂರು ಕಾಲುಗಳನ್ನು ಬಾಗಿಲಿಗೆ ಅಡ್ಡ ಸಿಕ್ಕಿಸಿಕೊಂಡು ನಿಂತಿದ್ದರು. ನಾನು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದೆ. ಡಾಕ್ಟರಮ್ಮನ ಕೈಯಲ್ಲಿ ಆ ಗಾರ್ಡು. ಅದನ್ನು ಕಂಡದ್ದೇ ಅವರ ಮುಖ ಪೂರ್ತಿ ಇಳಿಯಿತು.

“ಅದು... ನಂದು.”

“ನಿಮ್ದಾ? ನೀವು ಹಲ್ಲು ಕಡಿಯೋದೇ ಇಲ್ಲ ಅಂತ ನನ್ನ ಹತ್ರ ಆಣೆ ಮಾಡಿದ್ರಲ್ಲ! ‘ಇಲಿ ಇರಬೇಕು’ ಅಂದಿದ್ರಲ್ಲ!”

“ಕಡೀತೀನಿ. ಆಫೀಸ್ ಹತ್ರದ ಡಾಕ್ಟ್ರ ಹತ್ರ ಗುಟ್ಟಾಗಿ ಮಾಡಿಸ್ಕೊಂಡಿದ್ದೆ. ಎರಡು ದಿನ ಹಾಕಿ ಬಿಟ್ಟೆ.”

“ಅದು ನನ್ನ ಡಬ್ಬಿಗೆ ಯಾಕೆ ಬಂತು?”

ಅವರು ಸ್ಟ್ಯಾಂಡನ್ನು ಬಿಡಿಸಿಕೊಂಡು ಒಳಗೆ ಬಂದು, ಡಾಕ್ಟರಮ್ಮನಿಗೂ ನನಗೂ ಅರ್ಧರ್ಧ ಮುಖ ತೋರಿಸುತ್ತ ಹೇಳಿದರು. ಒಂದು ವರ್ಷದ ಹಿಂದೆ ನಾನು ನನ್ನ ರಿಟೇನರನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಊಟದ ಮೇಜಿನ ಮೇಲೆ ಬಿಟ್ಟಿದ್ದೆನಂತೆ. ಅವರು ಮೇಜು ಒರೆಸುವಾಗ ಕಸವೆಂದು ಎಸೆದುಬಿಟ್ಟರಂತೆ. ಗೊತ್ತಾಗುವಷ್ಟರಲ್ಲಿ ಕಸದ ಗಾಡಿ ಹೋಗಿತ್ತಂತೆ. ಹೆದರಿ ತಮ್ಮದನ್ನೇ ಡಬ್ಬಿಯಲ್ಲಿಟ್ಟರಂತೆ.

“ಹಾಕ್ಕೊಂಡ ಕೂಡ್ಲೇ ನಿಂಗೆ ಗೊತ್ತಾಗುತ್ತೆ, ನನ್ನ ಕಥೆ ಮುಗೀತು ಅಂತ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ಹೆದರ್‍ಕೊಂಡೇ ಕೇಳಿದೆ, ‘ಹಾಕ್ಕೊಂಡ್ಯಾ?’ ಅಂತ. ನೀನೇನಂದೆ ಗೊತ್ತಾ?”

ನನಗೆ ಗೊತ್ತಿತ್ತು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ.

“‘ಹೂಂ, ಆರಾಮಾಗಿ ಕೂರುತ್ತೆ’ ಅಂದೆ!”

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಚಾವಣಿ ನೋಡಿದೆ. ಹಾಗಾದರೆ ಇವರು ಒಂದು ವರ್ಷದಿಂದ ಕೇಳದೇ ಇದ್ದದ್ದು ನಂಬಿಕೆಯಿಂದಲ್ಲ! ನನ್ನ ಸುಳ್ಳು ಇವರಿಗೆ ಗೊತ್ತಿತ್ತು. ಅದನ್ನು ಹಿಡಿದರೆ ತಮ್ಮ ಸುಳ್ಳೂ ಸಿಕ್ಕಿಬೀಳುತ್ತದೆಂದು ಸುಮ್ಮನಿದ್ದರು! ಈಗ ಯಾರು ಯಾರ ಮೇಲೆ ಸಿಟ್ಟಾಗಬೇಕು? ಎಷ್ಟು ಲೆಕ್ಕ ಹಾಕಿದರೂ ನನಗೆ ತಿಳಿಯಲಿಲ್ಲ. ಇಬ್ಬರೂ ಒಟ್ಟಿಗೇ “ನೀವು!” “ನೀನು!” ಎಂದೆವು. ಆಮೇಲೆ ಯಾಕೋ ಇಬ್ಬರಿಗೂ ಒಟ್ಟಿಗೇ ನಗು ಬಂತು.

“ನಗೋದು ಆಮೇಲೆ,” ಎಂದರು ಡಾಕ್ಟರಮ್ಮ. “ಸಂದು ಮುಚ್ಚೋಕೆ ಹೊಸ ಕವಚಗಳು ಬೇಕು. ಎರಡೆರಡು ವಾರಕ್ಕೆ ಒಂದೊಂದು ಬದಲಾಯಿಸ್ತಾ ಹೋಗ್ಬೇಕು. ಊಟಕ್ಕೆ, ಮೈಕಿಗೆ ಮಾತ್ರ ತೆಗೀಬೇಕು. ಆರು ತಿಂಗಳು.”

“ನಾಳೆ ಪರೀಕ್ಷೆ ಡಾಕ್ಟ್ರೇ!”

“ನಾಳೆಗೆ ನನ್ನ ಹತ್ರ ಔಷಧಿ ಇಲ್ಲ. ‘ಸ’ ಬರದ ಹಾಗೆ ಮಾತಾಡಿ, ಅಷ್ಟೇ.”

ಅವರು ತಮಾಷೆಗೆ ಹೇಳಿದ್ದು. ನಾವು ಗಂಡ ಹೆಂಡತಿ ಅದನ್ನು ವೇದವಾಕ್ಯವೆಂದು ಹಿಡಿದೆವು! ಪರೀಕ್ಷೆಯಲ್ಲಿ ಸಂದರ್ಭ ಮಾತ್ರ ಪರೀಕ್ಷಕರು ಕೊಡುತ್ತಾರೆ, ಮಾತು ನಮ್ಮದೇ. ಆ ಮಧ್ಯಾಹ್ನವೇ ಊಟದ ಮೇಜಿನ ಮೇಲೆ ನಿಘಂಟು ಬಿಚ್ಚಿಕೊಂಡು ಕೂತೆವು. ಭಾಷೆಯಿಂದ ಒಂದು ಅಕ್ಷರವನ್ನು ಗಡಿಪಾರು ಮಾಡುವುದೆಂದರೆ ಸಾಮಾನ್ಯವೇ?

“ಸಾರ್ವಜನಿಕರು?”

“ಪ್ರಯಾಣಿಕರು!” ಎಂದರು ನಮ್ಮವರು.

“ಬಸ್ಸು?”

“ವಾಹನ.”

“ಸಂಜೆ ಏಳು ಗಂಟೆ?”

“ರೈಲಿನವರ ಹಾಗೆ ಹತ್ತೊಂಬತ್ತು ಗಂಟೆ ಅನ್ನು.”

“ಸಾಮಾನು ಸರಂಜಾಮು?”

“ಗಂಟುಮೂಟೆ.”

“ಬಸ್ಸು ತಡವಾದ್ರೆ ‘ಕ್ಷಮಿಸಿ’ ಅನ್ಬೇಕಲ್ಲ? ‘ಮನ್ನಿಸಿ’ ಅಂದ್ರೂ ‘ಸ’ ಬರುತ್ತೆ. ‘ವಿಷಾದಿಸುತ್ತೇವೆ’ ಅಂದ್ರೂ ಬರುತ್ತೆ!”

ಅವರು ನಿಘಂಟನ್ನು ಮುಚ್ಚಿದರು.

“ತಪ್ಪಾಯ್ತು.”

“ಯಾವುದು?”

“‘ತಪ್ಪಾಯ್ತು’ ಅನ್ನೋದ್ರಲ್ಲಿ ‘ಸ’ ಇಲ್ಲ. ಮೂರು ದಿನದಿಂದ ಅದನ್ನೇ ಹೇಳೋಕೆ ಒದ್ದಾಡ್ತಿದ್ದೆ ನೋಡು.”

ಸ್ವೆಟರು, ಗಿಡ, ತಂಗಿಯ ಫೋನು, ಎಲ್ಲವನ್ನೂ ಆ ಒಂದು ಪದಕ್ಕೆ ಮಾಫಿ ಮಾಡಿದೆ. ನನ್ನ ‘ಹೂಂ’ಗಳಿಗೂ ನಾನು ಅದನ್ನೇ ವಾಪಸು ಹೇಳಿದೆ. ಸಂಜೆಯ ಹೊತ್ತಿಗೆ ನನ್ನ ಬಾಯಲ್ಲಿ ‘ಸ’ ಇಲ್ಲದ ಇಡೀ ಒಂದು ಬಸ್ ನಿಲ್ದಾಣ ತಯಾರಾಗಿತ್ತು.

ಬುಧವಾರ. ಗಾಜಿನ ಕೊಠಡಿ, ಕಿವಿಗೆ ಹೆಡ್‌ಫೋನು, ಎದುರಿಗೆ ಮೈಕು. ಗಾಜಿನಾಚೆ ಮೂವರು ಪರೀಕ್ಷಕರು, ನಡುವೆ ಬೆಳ್ಳಿಗೂದಲಿನ ಅಧ್ಯಕ್ಷೆ. ಮೂಲೆಯಲ್ಲಿ ನಮ್ಮ ಕಂಟ್ರೋಲರು. ನನಗೆ ಮೊದಲು ಪಕ್ಕದೂರಿನಾಕೆ ಪರೀಕ್ಷೆ ಮುಗಿಸಿ ಹೋಗಿದ್ದಳು. ಸಂದರ್ಭ ಬಂತು: ತಡವಾದ ಬಸ್ಸು. ನಾನು ಕಣ್ಣು ಮುಚ್ಚಿ ದನಿ ಬಿಟ್ಟೆ:

“ಪ್ರಯಾಣಿಕರ ಗಮನಕ್ಕೆ. ಹತ್ತೊಂಬತ್ತು ಗಂಟೆಗೆ ಹೊರಡಬೇಕಾದ ವಾಹನ ಅರ್ಧ ಗಂಟೆ ತಡವಾಗಿ ಹತ್ತನೇ ಅಂಕಣಕ್ಕೆ ಬರಲಿದೆ. ತಮ್ಮ ಗಂಟುಮೂಟೆಗಳ ಮೇಲೆ ಕಣ್ಣಿಡಬೇಕಾಗಿ ವಿನಂತಿ. ತಡವಾಗಿದ್ದಕ್ಕೆ ಕ್ಷಮೆ ಇರಲಿ.”

ಒಂದು ಸಿಳ್ಳೆ ಇಲ್ಲ! ಒಂದು ‘ಥ’ ಇಲ್ಲ! ಎರಡನೇ ಸಂದರ್ಭ, ಮೂರನೇ ಸಂದರ್ಭ, ಎಲ್ಲವೂ ತಿಳಿನೀರು ಹರಿದ ಹಾಗೆ! ಅಧ್ಯಕ್ಷೆ ಪಕ್ಕದವರತ್ತ ಬಾಗಿ “ಎಂಥ ತೂಕದ ಭಾಷೆ!” ಎಂದದ್ದು ಹೆಡ್‌ಫೋನಿನಲ್ಲಿ ನನಗೂ ಕೇಳಿತು. ನನ್ನ ಎದೆ ಉಬ್ಬಿ ಮೈಕಿಗೆ ತಾಗಿತು. ಲಗೇಜು ಕೊಠಡಿ ದೂರ ದೂರ ಸರಿಯುತ್ತಿರುವುದು ಕಣ್ಣಿಗೆ ಕಟ್ಟಿತು.

“ಬಹಳ ಚೆನ್ನಾಗಿತ್ತು,” ಎಂದರು ಅಧ್ಯಕ್ಷೆ. “ಕೊನೇದಾಗಿ ದಾಖಲೆಗೆ ನಿಮ್ಮ ಹೆಸರು ಹೇಳಿಬಿಡಿ.”

ಹೆಸರು!

ನಿಘಂಟಿನ ಅಷ್ಟೂ ಪುಟ ತಿರುವಿದ್ದೆವು. ಇದೊಂದು ಇಬ್ಬರಿಗೂ ಹೊಳೆದಿರಲಿಲ್ಲ. ನನಗೆ ಹೆಸರಿಟ್ಟ ನಮ್ಮಜ್ಜಿ ಅದರಲ್ಲಿ ಮೂರು ಕಡೆ ‘ಸ’ ತುರುಕಿದ್ದಾಳೆ!

“ನನ್ನನ್ನ... ಎಲ್ಲಾರೂ ಅಕ್ಕಾ ಅಂತಾರೆ.”

“ದಾಖಲೇಲಿ ಅಕ್ಕಾ ಅಂತ ಬರೆಯೋಕಾಗುತ್ತಾ?”

“ಯಜಮಾನ್ರದ್ದು ಹೇಳಲಾ?”

“ನಿಮ್ಮ ಹೆಸರು ಮೇಡಂ!”

ಹೇಳಿದೆ. ಮೂರು ಸಿಳ್ಳೆ! ಮೂವರೂ ಕಿವಿಯಿಂದ ಹೆಡ್‌ಫೋನು ಕಿತ್ತರು. ಯಂತ್ರ ನೋಡಿಕೊಳ್ಳುವವನು ಓಡಿಬಂದು “ಮೈಕು ಕೆಟ್ಟಿದೆ” ಎಂದು ಬೇರೆ ಮೈಕು ಇಟ್ಟ. ಮತ್ತೆ ಹೇಳಿಸಿದ. ಮೂರು ಸಿಳ್ಳೆ. ಮೂರನೇ ಮೈಕು ಇಟ್ಟ. ಮೂರು ಸಿಳ್ಳೆ. ಅವನು ನಾಲ್ಕನೆಯದನ್ನು ತರಲು ಹೊರಟಾಗ ಆ ಬಡಪಾಯಿಯ ಮುಖ ನೋಡಲಾರದೆ ನಾನೇ ಬಾಯಿಬಿಟ್ಟೆ. ತಂತಿ, ರಿಟೇನರು, ಗಾರ್ಡು, ಗಂಡ, ನಿಘಂಟು, ಒಂದನ್ನೂ ಬಿಡಲಿಲ್ಲ. ಅಧ್ಯಕ್ಷೆ ಮೊದಲು ಗಂಭೀರವಾಗಿ ಕೇಳಿದರು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಮೇಜಿಗೆ ತಲೆಯಿಟ್ಟರು.

ವಾರದ ಬಳಿಕ ಆದೇಶ ಬಂತು. ದನಿ ನನ್ನದೇ! ಧ್ವನಿಮುದ್ರಣ ಆರು ತಿಂಗಳ ನಂತರ, ಹಲ್ಲು ಸೇರಿದ ಮೇಲೆ. ಕುಣಿಯಬೇಕೆಂದಿದ್ದೆ. ಅಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ‘ಸದರಿ ನೌಕರಳು ಹೊಸ ಕವಚ ಧರಿಸಿ ಬಂದಿರುವುದನ್ನು ಮೇಲಧಿಕಾರಿಯು ಪ್ರತಿದಿನ ಬೆಳಿಗ್ಗೆ ಖಚಿತಪಡಿಸಿಕೊಂಡು ಹಾಜರಿ ಹಾಕತಕ್ಕದ್ದು.’

ಅಂದಿನಿಂದ ನಾನು ಸಹಿ ಮಾಡಿದರೆ ಸಾಲದು. ಕಂಟ್ರೋಲರು ಹಾಜರಿ ಪುಸ್ತಕದ ಮೇಲೆ ಪೆನ್ನು ಹಿಡಿದು ಒಂದೇ ಅಕ್ಷರ ಕೇಳುತ್ತಾರೆ.

“ಸ?”

“ಥ!” ಎನ್ನುತ್ತೇನೆ ನಾನು, ಇಡೀ ಸಿಬ್ಬಂದಿಯ ಮುಂದೆ, ಒಂದನೇ ತರಗತಿಯ ಮಗುವಿನ ಹಾಗೆ ಕೈಕಟ್ಟಿ ನಿಂತು.

“ಹಾಜರು.”

ನಿನ್ನೆ ಬೆಳಿಗ್ಗೆ ಅವಸರದಲ್ಲಿ ಕವಚವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಏನಾಗುತ್ತದೆ ನೋಡೋಣವೆಂದು ಧೈರ್ಯವಾಗಿ ನಿಂತು, ನಾನೇ ಬಾಯಲ್ಲಿ ‘ಥ’ ಎಂದುಬಿಡೋಣ ಎಂದುಕೊಂಡೆ. ಆದರೆ ಗಾಬರಿಯಲ್ಲಿ ನಾಲಿಗೆ ಸತ್ಯವನ್ನೇ ನುಡಿಯಿತು. ಚೊಕ್ಕವಾದ, ಉದ್ದನೆಯ ಸಿಳ್ಳೆ!

ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಬಸ್ಸುಗಳನ್ನು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು, ಮನೆಗೆ ಹೊರಡುವಾಗ ಹಾಜರಿ ಪುಸ್ತಕ ತೆರೆದು ನೋಡಿದೆ. ನನ್ನ ಹೆಸರಿನ ಮುಂದೆ ಕಂಟ್ರೋಲರು ಜೀವಮಾನದಲ್ಲೇ ಮೊದಲ ಬಾರಿಗೆ ಉದಾರವಾಗಿ ನಾಲ್ಕು ಪದ ಬರೆದಿದ್ದರು:

‘ಬಾಯಿ ಹಾಜರು. ಕವಚ ಗೈರು.’

ನಾಲ್ಕನೆಯದರಲ್ಲೇ ನನ್ನ ಒಂದು ದಿನದ ರಜೆ ಹೋಯಿತು!